ಕ್ಯಾಸೆಟ್ ಮರೆಯಾಯಿತು, ‘ನಿತ್ಯೋತ್ಸವ’ ಉಳಿಯಿತು

ಮೋರಟಗಿ: ಜೋಗದ ಜಲಪಾತಕ್ಕೂ ಸಿಂದಗಿ ತಾಲ್ಲೂಕಿನ ಮೋರಟಗಿಗೂ ನೂರಾರು ಕಿಲೋಮೀಟರ್ ಅಂತರ. ಅಲ್ಲಿ ಕಾಡು, ಮಳೆ, ಧುಮ್ಮಿಕ್ಕುವ ನೀರು. ಇಲ್ಲಿ ಎರೆಭೂಮಿ, ಬಿಳಿಜೋಳ, ಮುಗಿಲು ನೋಡುತ್ತ ಕುಳಿತ ರೈತ. ಆದರೂ ನವೆಂಬರ್ 1 ಬಂದಿತೆಂದರೆ ಈ ಬಯಲುಸೀಮೆಯ ಶಾಲೆಗಳಲ್ಲಿಯೂ ಜೋಗ, ತುಂಗೆ, ಸಹ್ಯಾದ್ರಿಗಳನ್ನು ಕೊಂಡಾಡುವ ‘ನಿತ್ಯೋತ್ಸವ’ ಮೊಳಗುತ್ತದೆ. ಮಲೆನಾಡಿನ ಹೆಸರುಗಳನ್ನು ಹೊತ್ತ ಹಾಡು ಇಲ್ಲಿಯ ಮಕ್ಕಳಿಗೂ ತಮ್ಮದಾದದ್ದು ಹೇಗೆ?

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸಲಾಗುತ್ತದೆ. ಅದಕ್ಕೂ ಮುನ್ನ ಪಿ. ಕಾಳಿಂಗರಾಯರು ಕನ್ನಡ ಕವಿತೆಗಳನ್ನು ಹಾಡಿ ಜನಪ್ರಿಯಗೊಳಿಸಿದ್ದರು. ಆದರೆ ಗ್ರಾಮಾಫೋನ್ ಎಲ್ಲರ ಮನೆಯ ವಸ್ತುವಾಗಿರಲಿಲ್ಲ. ಕ್ಯಾಸೆಟ್ಟಿನ ಗುಣವೇ ಬೇರೆ. ಬ್ಯಾಟರಿ ಹಾಕಿದ ಟೇಪ್‌ರೆಕಾರ್ಡರ್ ವಿದ್ಯುತ್ತಿಲ್ಲದ ಊರಿನಲ್ಲಿಯೂ ಹಾಡುತ್ತಿತ್ತು. ಒಂದು ಸುರುಳಿಯಿಂದ ಮತ್ತೊಂದಕ್ಕೆ ಹಾಡನ್ನು ಇಳಿಸಿಕೊಳ್ಳಬಹುದಿತ್ತು. ಪುಸ್ತಕ ತಲುಪದ ಮನೆಗಳಿಗೂ ಕವಿತೆ ಹೀಗೆ ಪ್ರವೇಶ ಪಡೆಯಿತು.

ಸಾಧನವೊಂದೇ ಕಾರಣವಾಗಿದ್ದರೆ ಕ್ಯಾಸೆಟ್ಟಿನೊಂದಿಗೆ ಹಾಡೂ ಮರೆಯಾಗಬೇಕಿತ್ತು. ಹಾಗಾಗದಿರುವುದಕ್ಕೆ ಶೀರ್ಷಿಕೆ ಗೀತೆಯ ರಚನೆಯಲ್ಲಿಯೇ ಉತ್ತರವಿದೆ. ಮೊದಲ ಚರಣ ನೆಲದ ಚೆಲುವನ್ನು ಹೇಳುತ್ತದೆ. ಭೂವಿಜ್ಞಾನದ ಅಧ್ಯಾಪಕರಾಗಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿದ್ದ ಕವಿಗೆ ಆ ನೆಲದ ಒಡನಾಟವಿತ್ತು. ಎರಡನೆಯ ಚರಣ ಶಾಸನ, ಓಲೆಗರಿ, ದೇಗುಲಗಳ ಕಡೆಗೆ ತಿರುಗುತ್ತದೆ. ಇಲ್ಲಿ ವಿಜಯಪುರ ಜಿಲ್ಲೆಯ ಕೇಳುಗ ತನ್ನ ಊರನ್ನು ಕಾಣಬಲ್ಲ; ಕ್ರಿ.ಶ. 945ರಷ್ಟು ಹಿಂದೆಯೇ ವಿದ್ಯಾಕೇಂದ್ರವನ್ನು ದಾಖಲಿಸಿದ ಸಾಲೋಟಗಿ ಶಾಸನ ಪಕ್ಕದ ಇಂಡಿ ತಾಲ್ಲೂಕಿನದೇ. ಕೊನೆಯ ಚರಣ ಕುಲಭೇದವನ್ನು ಮೀರಿದ ಬಾಳನ್ನು ಹಾಡುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಹೊರೆಗೆ ಆ ಮಾತು ಹೊಸದಲ್ಲ. ಅದನ್ನು ಕನ್ನಡ ತಾಯಿಯ ಮುಂದೆ ನುಡಿದವರು ಒಬ್ಬ ಮುಸ್ಲಿಂ ಕವಿ ಎಂಬುದು ಅದರ ತೂಕವನ್ನು ಹೆಚ್ಚಿಸುತ್ತದೆ.

ಅನಂತಸ್ವಾಮಿಯವರ ಸಂಯೋಜನೆಯೂ ಇದಕ್ಕೆ ತಕ್ಕಂತಿದೆ. ಸಂಗೀತ ಕಲಿಯದವರೂ ಗುಂಪಿನಲ್ಲಿ ದನಿಗೂಡಿಸಬಹುದು. ಪ್ರತಿ ಚರಣವೂ ತಾಯಿಯನ್ನು ಕರೆಯುವ ಪಲ್ಲವಿಗೆ ಮರಳುತ್ತದೆ. ರಾಗವು ಮಾತನ್ನು ಮುಚ್ಚುವುದಿಲ್ಲ.

ಒಂದು ಸ್ಥಳದ ಹಾಡು ಎಲ್ಲರದಾಗುವುದು ಕನ್ನಡಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಹಿಪ್‌ಹಾಪ್ ಗಾಯಕ ನಾಸ್ ತನ್ನ 20ನೆಯ ವಯಸ್ಸಿನಲ್ಲಿ, 1994ರಲ್ಲಿ, ‘ಇಲ್‌ಮ್ಯಾಟಿಕ್’ ಎಂಬ ಚೊಚ್ಚಲ ಆಲ್ಬಂ ಹೊರತಂದ. ಅದರಲ್ಲಿರುವುದು ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಒಂದು ವಸತಿ ಸಮುಚ್ಚಯದ ಬದುಕು. ಆ ಬೀದಿಗಳನ್ನು ಕಾಣದ ಲಕ್ಷಾಂತರ ಮಂದಿ ಅದನ್ನು ಇಂದಿಗೂ ಕೇಳುತ್ತಾರೆ. 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ತನ್ನ ಊರನ್ನು ನಿಜವಾಗಿ ಬಲ್ಲವನ ಮಾತು ಪರವೂರಿಗೂ ತಾಗುತ್ತದೆ.

ಅನಂತಸ್ವಾಮಿ 1995ರಲ್ಲಿ, ನಿಸಾರ್ ಅಹಮದ್ 2020ರಲ್ಲಿ ನಿಧನರಾದರು. ಜೋಗವನ್ನು ಕಣ್ಣಾರೆ ಕಂಡಿರದ ಮಗುವೊಂದು ಬಯಲುಸೀಮೆಯ ಶಾಲಾ ಅಂಗಳದಲ್ಲಿ ಅದರ ಹೆಸರನ್ನು ಎದೆ ತುಂಬಿ ಹಾಡುವಾಗ, ಆ ಮೊದಲ ಕ್ಯಾಸೆಟ್ಟಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ.