ಪರದೆ ಬೆಳಗದಿದ್ದಾಗ

ಸುವರ್ಣ ಮಹೋತ್ಸವದ ನಿಮಿತ್ತ ಶಾಲೆಯ ಹಳೆಯ ಛಾಯಾಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಸಿದ್ಧತೆ ಅಕ್ಕಲಕೋಟೆಯಲ್ಲಿ ನಡೆದಿತ್ತು. ಸೊಲ್ಲಾಪುರದಿಂದ ತಂದ ಡಾಕ್ ಎಂಬ ಜೋಡಣೆ ಪೆಟ್ಟಿಗೆಗೆ ಲಿನಕ್ಸ್ ಲ್ಯಾಪ್‌ಟಾಪನ್ನು ಸೇರಿಸಿದಾಗ ಕೀಲಿಮಣೆ, ಮೌಸ್ ನಡೆದವು. ಪರದೆ ಮಾತ್ರ ಕತ್ತಲೆ. “ಲಿನಕ್ಸನ್ನೇ ತೆಗೆದುಬಿಡೋಣ, ಗುರುಗಳೇ” ಎಂದರು ತರುಣ ಶಿಕ್ಷಕರೊಬ್ಬರು. ಹಣವಿಲ್ಲದೆ ದೊರೆಯುವ ಈ ತಂತ್ರಾಂಶ ಬಡ ಶಾಲೆಗೆ ದೊಡ್ಡ ಆಸರೆ. ಕಾಸರಗೋಡಿನ ಕನ್ನಡ ಮಕ್ಕಳೂ ಶಾಲೆಗಳಲ್ಲಿ ಇದನ್ನೇ ಬಳಸಿ ಕಲಿಯುತ್ತಾರೆ. ವಿಚಾರಿಸದೆ ಕೈಬಿಡುವುದು ಸರಿಯೇ?

ಮೊದಲು ಪರದೆಯನ್ನು ಎಚ್‌ಡಿಎಂಐ ತಂತಿಯಿಂದ ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದೆವು, ಬೆಳಗಿತು. ಪರದೆ ನಿರ್ದೋಷಿ ಎಂದಾಯಿತು.

ಯುಎಸ್‌ಬಿ-ಸಿ ಕಿಂಡಿಗಳೆಲ್ಲ ನೋಟಕ್ಕೆ ಒಂದೇ, ಗುಣದಲ್ಲಿ ಬೇರೆ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರುವ ಕಿಂಡಿ ಮಾತ್ರ ಚಿತ್ರವನ್ನು ನೇರವಾಗಿ ಒಯ್ಯಬಲ್ಲುದು. ಡಿಸ್‌ಪ್ಲೇಲಿಂಕ್ ಬಗೆಯ ಡಾಕ್‌ಗೆ ಆ ಸೌಲಭ್ಯ ಬೇಡ. ಆದರೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕು. ಲಿನಕ್ಸಿನ ತಿರುಳಾದ ಕರ್ನೆಲ್ ನವೀಕರಣಗೊಂಡಾಗ ಚಾಲಕವೂ ಅದಕ್ಕೆ ಹೊಂದಿಕೊಳ್ಳಬೇಕು. ಸೆಕ್ಯೂರ್ ಬೂಟ್ ಇದ್ದಲ್ಲಿ ಅದಕ್ಕೆ ಮಾನ್ಯವಾದ ಸಹಿಯೂ ಇರಬೇಕು. ನಮ್ಮ ಡಾಕ್ ಈ ಎರಡನೆಯ ಬಗೆಯದು. ಚಾಲಕವನ್ನು ಮರಳಿ ಸ್ಥಾಪಿಸಿ ಯಂತ್ರವನ್ನು ಪುನಃ ಆರಂಭಿಸಿದೆವು, ಚಿತ್ರಗಳು ಮೂಡಿದವು.

ತರಗತಿಯಲ್ಲಿಯೂ ಹೀಗೆಯೇ. ಉತ್ತರಿಸದ ಹುಡುಗನನ್ನು ದಡ್ಡನೆನ್ನುವ ಮುನ್ನ ಪ್ರಶ್ನೆ ಅವನಿಗೆ ತಲುಪಿತೇ ಎಂದು ನೋಡಬೇಕು.