ಸೆನ್ಸರ್ ಬದಲಿಸುವ ಮುನ್ನ ಮೀಟರ್ ಹಚ್ಚಿ ನೋಡ್ರಿ

ಜತ್ತ: ‘ಗಾಡಿ ಚಾಲೂ ಆಗ್ತದ, ಬಿಸಿ ಆದ್ಮ್ಯಾಲ ಬಂದ್ ಬೀಳ್ತದ. ಏನ್ ಮಾಡೋದ್ರಿ?’ ಗ್ಯಾರೇಜಿಗೆ ಬರುವವರ ಮೊದಲ ಪ್ರಶ್ನೆ ಇದು. ಹಿಂದೆ ಕಾರ್ಬುರೇಟರ್ ಬಿಚ್ಚಿ ತೊಳೆದು, ಪ್ಲಗ್ ಉಜ್ಜಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತಿತ್ತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಗೆ ಬಹುತೇಕ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದಕ್ಕೆ ಕಣ್ಣು, ಕಿವಿ ಎಂದರೆ ಸೆನ್ಸರ್‌ಗಳು.

ಉಮದಿ, ಸಂಖ ಕಡೆಯ ರೈತ ಇದಕ್ಕಾಗಿ ಸಾಂಗಲಿಗೋ ವಿಜಯಪುರಕ್ಕೋ ಹೋದರೆ ಒಂದು ದಿನದ ಕೆಲಸ ಹಾಳು. ಊರಿನ ಮಿಸ್ತ್ರಿ ಅಂದಾಜಿನ ಮೇಲೆ ಸೆನ್ಸರ್ ಬದಲಿಸಿದರೆ ರೊಕ್ಕ ಹಾಳು. ಎಷ್ಟೋ ಸಲ ತಪ್ಪು ಸೆನ್ಸರಿನದಲ್ಲ, ಇಲಿ ಕಡಿದ ವೈರಿನದು. ಅದನ್ನು ಪತ್ತೆ ಹಚ್ಚಲು ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು.

ಥ್ರಾಟಲ್ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್, ಅರ್ಥಿಂಗ್, ಸಿಗ್ನಲ್. ಇಂಜಿನ್ ಬಂದ್ ಇಟ್ಟು ಕೀಲಿ ಆನ್ ಮಾಡಿ. ಮೀಟರಿನ ಕಪ್ಪು ವೈರು ಬ್ಯಾಟರಿಯ ಮೈನಸ್‌ಗೆ, ಕೆಂಪು ವೈರು ಸಿಗ್ನಲ್‌ಗೆ ಹಚ್ಚಿ. ಎಕ್ಸಲರೇಟರ್ ಬಿಟ್ಟಾಗ ಸುಮಾರು ಅರ್ಧ ವೋಲ್ಟ್, ನಿಧಾನ ತಿರುವುತ್ತ ಹೋದರೆ 4 ವೋಲ್ಟಿನ ಆಸುಪಾಸು ಬರಬೇಕು. ನಡುವೆ ಒಮ್ಮೆಲೇ ಸೊನ್ನೆಗೆ ಬಿದ್ದರೆ ಸೆನ್ಸರ್ ಸವೆದಿದೆ. 5 ವೋಲ್ಟೇ ಬರದಿದ್ದರೆ ಮೊದಲು ವೈರಿಂಗ್ ಹುಡುಕಿ.

ಬಿಸಿ ಅಳೆಯುವ ಸೆನ್ಸರನ್ನು ಕೀಲಿ ಆಫ್ ಮಾಡಿ ಬಿಚ್ಚಿ, ಓಮ್ಸ್‌ನಲ್ಲಿ ನೋಡಬೇಕು. ತಂಪಿದ್ದಾಗ ಸಾಮಾನ್ಯವಾಗಿ ಎರಡು ಸಾವಿರ ಓಮ್ಸ್ ಆಸುಪಾಸು; ಅದರ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿದರೆ ಕೆಲವು ನೂರಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದು ಕೆಟ್ಟಿದೆ. ಆಕ್ಸಿಜನ್ ಸೆನ್ಸರ್ ಇಂಜಿನ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟಿನ ನಡುವೆ ಹೊಯ್ದಾಡುತ್ತಿರಬೇಕು. ಮಾಡೆಲ್ ಪ್ರಕಾರ ಈ ಅಂಕಿ ಸ್ವಲ್ಪ ಬೇರೆ ಇರಬಹುದು.

ಒಂದು ಎಚ್ಚರಿಕೆ: ಹಳೆ ರೂಢಿಯಂತೆ ಬಲ್ಬ್ ಹಚ್ಚಿ ಸೆನ್ಸರ್ ವೈರು ಪರೀಕ್ಷಿಸಬೇಡ್ರಿ. ಬಲ್ಬ್ ಎಳೆಯುವ ಕರೆಂಟ್ ಇಸಿಯುವನ್ನೇ ಸುಡಬಹುದು. ಇಂಜಿನ್ ತಿರುಗುವಾಗ ಸರಸರ ಬರುವ ಕ್ರ್ಯಾಂಕ್ ಸೆನ್ಸರಿನ ಪಲ್ಸ್‌ಗಳನ್ನು ಸಾದಾ ಮೀಟರ್ ಒಂದೊಂದಾಗಿ ತೋರಿಸಲಾರದು. ಅದಕ್ಕೆ ಆಸಿಲೋಸ್ಕೋಪ್ ಬೇಕು.

ಕನ್ನಡ ಶಾಲೆ ಕಲಿತು ಸ್ಪ್ಯಾನರ್ ಹಿಡಿದ ನಮ್ಮ ಹುಡುಗರಿಗೆ ಇಂಗ್ಲಿಷ್ ಕೈಪಿಡಿ ತೊಡಕು. ಆದರೆ ಅಂಕಿಗೆ ಭಾಷೆಯ ಗಡಿಯಿಲ್ಲ. ಸರಿ ಇರುವ ಗಾಡಿ ಸರ್ವಿಸಿಗೆ ಬಂದಾಗಲೇ ಅಳೆದು, ಮಾಡೆಲ್ ಹೆಸರಿನ ಮುಂದೆ ಕನ್ನಡದಲ್ಲೇ ಬರೆದಿಟ್ಟರೆ, ನಾಳೆ ಕೆಟ್ಟ ಗಾಡಿ ಬಂದಾಗ ಆ ನೋಟ್‌ಬುಕ್ಕೇ ಕೈಪಿಡಿ.