ಮೊಣಕಾಲೂರಲಾಗದ ದಿನಗಳು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಕುಟುಂಬಗಳಲ್ಲಿ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಈಗ ಅಪರೂಪದ ಮಾತಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಕೃತಕ ಮಂಡಿಯ ಬೆಲೆಗೆ ಮಿತಿ ವಿಧಿಸಿದ ಮೇಲೆ ಖರ್ಚಿನ ಭಾರವೂ ತುಸು ಇಳಿದಿದೆ. ಆದರೆ ವೈದ್ಯರ ಕೆಲಸ ಮುಗಿದಾಗ ಮನೆಯವರ ಕೆಲಸ ಆರಂಭವಾಗುತ್ತದೆ.

ನೋವಿಗೆ ಕನಿಕರಪಟ್ಟು ನಾವು ಮಂಡಿಯ ಕೆಳಗೆ ದಿಂಬಿಡುತ್ತೇವೆ. ಆ ಪ್ರೀತಿಯೇ ಹಾನಿಗೆ ಕಾರಣವಾದೀತು. ಕಾಲು ಬಾಗಿದಂತೆಯೇ ಬಿಗಿದು, ನೇರವಾಗದೆ ಉಳಿಯಬಹುದು. ದಿಂಬು ಹಿಮ್ಮಡಿಯ ಕೆಳಗಿರಲಿ. ಕಾಲನ್ನು ಚಾಚುವ, ಬಗ್ಗಿಸುವ ವ್ಯಾಯಾಮವನ್ನು ಮೊದಲ ವಾರಗಳಲ್ಲಿ ಒಂದು ದಿನವೂ ತಪ್ಪಿಸದಿರೋಣ.

ಮಲೆನಾಡಿನ ಮನೆಗಳ ಎತ್ತರದ ಹೊಸ್ತಿಲು, ಮಳೆಗಾಲದಲ್ಲಿ ಹಾವಸೆಗಟ್ಟಿದ ಅಂಗಳ, ಒದ್ದೆ ಬಚ್ಚಲು, ಇವೆಲ್ಲ ವಾಕರ್ ಹಿಡಿದವರಿಗೆ ಅಪಾಯ. ಎತ್ತರದ ಕುರ್ಚಿ, ಕಮೋಡು, ಗೋಡೆಗೊಂದು ಹಿಡಿಕೆ ಮೊದಲೇ ಸಿದ್ಧವಿರಲಿ. ಮೀನಖಂಡದಲ್ಲಿ ಊತ, ನೋವು, ಜ್ವರ ಅಥವಾ ಗಾಯದಲ್ಲಿ ಕೀವು ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮನಸ್ಸಿನ ನೋವೂ ಒಂದಿದೆ. "ಮೊಣಕಾಲೂರಲಾಗದವಳು ಪೂಜೆಗೆ ಹೇಗೆ ಹೋಗಲಿ?" ಎಂದು ಮನೆಯಲ್ಲೇ ಉಳಿಯುವ ತಾಯಂದಿರಿದ್ದಾರೆ. ಅನಾರೋಗ್ಯದವರು ಮೊಣಕಾಲೂರಲೇಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಗುರುಗಳಿಗೆ ತಿಳಿಸಿದರೆ ಪರಮಪ್ರಸಾದವನ್ನು ಮನೆಯಲ್ಲೇ ಸ್ವೀಕರಿಸಬಹುದು. ನಡೆಯುವಂತಾದ ಮೇಲೆ ದೇವಾಲಯದಲ್ಲಿ ಅವರಿಗಾಗಿ ಒಂದು ಕುರ್ಚಿ ಇರಿಸೋಣ. ಅಲ್ಲಿಯವರೆಗೆ ಸಂಜೆಯ ಜಪಸರಕ್ಕೆ ಮನೆಮಂದಿಯೆಲ್ಲ ಅವರ ಮಂಚದ ಸುತ್ತ ಕೂಡೋಣ. ಒಂದೊಂದು ರಹಸ್ಯ ಮುಗಿದಾಗ ಅವರು ಹತ್ತು ಬಾರಿ ಪಾದ ಆಡಿಸಲಿ. ರಕ್ತ ಹೆಪ್ಪುಗಟ್ಟದಿರಲು ಅದೂ ನೆರವಾಗುತ್ತದೆ.